ತುಕ್ಕು ಹಿಡಿದ ಮಾರುತಿ 800: ಟಿಂಕರಿಂಗ್ ಮಾಡಿಸಲೋ, ಬಾಡಿನೇ ಬದಲಿಸಲೋ?

ಟಿಳಕವಾಡಿ 800

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2001ರ ಮಾರುತಿ 800 ಇದೆ. ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಕಂಪ್ಯೂಟರ್ ಮೂಲಕ ಪೆಟ್ರೋಲ್ ಚಿಮ್ಮಿಸೋ ಎಂಜಿನ್), ಕೆಎ 22 ನಂಬರ್. ಅಪ್ಪ ಶೋರೂಮಿನಿಂದ ತಂದ ಗಾಡಿ, ಈಗ ನನ್ನ ಹೆಸರಿಗಿದೆ. ಎಂಜಿನ್ ಬಗ್ಗೆ ಒಂದು ಮಾತು ಆಡೋ ಹಾಗಿಲ್ಲ, ಚಳಿಗಾಲದಲ್ಲೂ ಒಂದೇ ಸೆಲ್ಫ್‌ಗೆ ಶುರುವಾಗುತ್ತೆ. ತೊಂದರೆ ಎಲ್ಲ ಬಾಡಿಯದ್ದು. ಮನೆಯಲ್ಲಿ ಶೆಡ್ ಇಲ್ಲ, ಗಾಡಿ ವರ್ಷವಿಡೀ ಹೊರಗೆ ಮರದ ಕೆಳಗೆ ನಿಲ್ಲುತ್ತೆ. ಬೆಳಗಾವಿ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್ ಮುಗಿಯೋತನಕ ಗಾಡಿ ಒಳಗಿನ ಮ್ಯಾಟ್ ಸಹ ಒಣಗೋದಿಲ್ಲ.

ಬಾಗಿಲುಗಳ ಕೆಳ ಅಂಚು ತಿಂದುಹೋಗಿದೆ. ಎಡಗಡೆ ರನ್ನಿಂಗ್ ಬೋರ್ಡ್ (ಬಾಗಿಲ ಕೆಳಗಿನ ಉದ್ದ ಪಟ್ಟಿ) ಹಿಂದಿನ ಚಕ್ರದ ಹತ್ತಿರ ಉಬ್ಬಿ ನಿಂತಿದೆ, ಬೆರಳಲ್ಲಿ ಒತ್ತಿದರೆ ಬಣ್ಣದ ಜೊತೆ ಚಕ್ಕೆ ಉದುರುತ್ತೆ. ಬ್ಯಾಟರಿ ಕೂರೋ ತಟ್ಟೆ ಹೋಗಿದೆ. ಡ್ರೈವರ್ ಕಾಲಿನ ಹತ್ತಿರ ನೆಲದಲ್ಲಿ ಸಣ್ಣ ತೂತಿದೆ.

ಒಬ್ಬ ಟಿಂಕರ್ (ಬಾಡಿಯ ತಗಡು ರಿಪೇರಿ ಮಾಡೋರು) ಪೂರ್ತಿ ಕೆಲಸಕ್ಕೆ 45 ಸಾವಿರ ಹೇಳಿದ್ದಾರೆ, ಪೇಂಟಿಂಗ್ ಸೇರಿ. ಈ ನಡುವೆ ಕೊಲ್ಲಾಪುರ ಕಡೆಯ ಗುಜರಿಯವರೊಬ್ಬರು ಬೇರೆ ದಾರಿ ತೋರಿಸ್ತಿದ್ದಾರೆ. ಅವರ ಹತ್ತಿರ 2005ರ 800ರ ಖಾಲಿ ಬಾಡಿ ಇದೆಯಂತೆ, ಬಣ್ಣ ಚೆನ್ನಾಗಿದೆ. ನನ್ನ ಎಂಜಿನ್, ಗೇರ್‌ಬಾಕ್ಸ್, ಸೀಟು ಎಲ್ಲ ಅದಕ್ಕೆ ಕೂರಿಸಿ, ಚಾಸಿ ನಂಬರ್ ಇರೋ ತಗಡನ್ನ ಕತ್ತರಿಸಿ ಅಲ್ಲಿಗೆ ವೆಲ್ಡ್ ಮಾಡಿಕೊಡ್ತೀವಿ ಅಂತಾರೆ. ಖರ್ಚು ಹೆಚ್ಚುಕಡಿಮೆ ಅಷ್ಟೇ. ಈ ವರ್ಷ ಆರ್‌ಸಿ ರಿನ್ಯೂ ಬೇರೆ ಇದೆ. ಈ ಗಾಡಿ ಮಾರೋ ಮನಸ್ಸಿಲ್ಲ. ಯಾವುದು ಮಾಡಿದರೆ ಸರಿ? ಅನುಭವ ಇದ್ದವರು ಹೇಳಿ.

ಉದ್ಯಮಬಾಗ ಟಿಂಕರ್

ಸರ್, ಆ ನಂಬರ್ ಕತ್ತರಿಸಿ ಹಚ್ಚೋ ಮಾತನ್ನ ಮೊದಲು ತಲೆಯಿಂದ ತೆಗೆದುಹಾಕಿ. ಅದು ರಿಪೇರಿ ಅಲ್ಲ, ಕೇಸು. ಬಾನೆಟ್ ಎತ್ತಿದರೆ ಎಂಜಿನ್ ಹಿಂದಿನ ಗೋಡೆಯ ಮೇಲೆ ಗುದ್ದಿರೋ ನಂಬರೇ ನಿಮ್ಮ ಗಾಡಿಯ ಗುರುತು. ರಿನ್ಯೂವಲ್‌ಗೆ ಹೋದಾಗ ಅದರ ಮೇಲೆ ಟೇಪ್ ಇಟ್ಟು ಪೆನ್ಸಿಲ್ ತಿಕ್ಕಿ ಪ್ರಿಂಟ್ ತೆಗೀತಾರೆ. ಸುತ್ತ ಹೊಸ ವೆಲ್ಡಿಂಗ್ ಗೆರೆ ಕಂಡರೆ ಇನ್ಸ್‌ಪೆಕ್ಟರ್ ಮೊದಲು ಕೇಳೋದೇ ಕದ್ದ ಗಾಡಿನಾ ಅಂತ. ನೀವು ಎಷ್ಟೇ ಪ್ರಾಮಾಣಿಕರಾಗಿದ್ದರೂ ಆ 2005ರ ಬಾಡಿ ಎಲ್ಲಿಂದ ಬಂತು ಅನ್ನೋದಕ್ಕೆ ನಿಮ್ಮ ಹತ್ತಿರ ಕಾಗದ ಇರೋದಿಲ್ಲ.

ಇನ್ನೊಂದು ಮಾತು. 800ಕ್ಕೆ ಲಾರಿ, ಜೀಪಿಗೆ ಇದ್ದಂಗೆ ಬೇರೆ ಚಾಸಿ ಇಲ್ಲ. ನೆಲ, ರನ್ನಿಂಗ್ ಬೋರ್ಡ್, ಕಂಬ, ಛಾವಣಿ, ಮುಂದಿನ ಏಪ್ರನ್ (ಎಂಜಿನ್ ಪಕ್ಕದ ಒಳ ತಗಡು) ಎಲ್ಲ ಸೇರಿಸಿ ಸ್ಪಾಟ್ ವೆಲ್ಡ್ ಮಾಡಿದ ಒಂದೇ ಡಬ್ಬಿ. ಭಾರ ಹೊರೋದು ಅದೇ. ಅದನ್ನ ಬದಲಿಸಿದರೆ ಉಳಿಯೋದು ನಿಮ್ಮ ಎಂಜಿನ್ ಹಾಕಿದ ಇನ್ನೊಬ್ಬರ ಕಾರು. ಜೊತೆಗೆ ಆ ಬಾಡಿಗೂ 20 ವರ್ಷ ಆಯ್ತಲ್ವಾ? ಕೊಲ್ಲಾಪುರದಲ್ಲಿ ಮಳೆ ಕಡಿಮೆ ಏನಿಲ್ಲ. ಮೇಲಿನ ಬಣ್ಣ ನೋಡಿ ಮರುಳಾಗಬೇಡಿ, ಒಂದು ಅಯಸ್ಕಾಂತ ತಗೊಂಡು ಹೋಗಿ ಕೆಳಗಡೆಯೆಲ್ಲ ಇಟ್ಟು ನೋಡಿ. ಹಿಡೀಲಿಲ್ಲ ಅಂದ್ರೆ ಅಲ್ಲಿರೋದು ತಗಡಲ್ಲ, ತೂತು ಮುಚ್ಚೋಕೆ ಮೆತ್ತಿದ ಪುಟ್ಟಿ.

ನಿಮ್ಮ ಗಾಡಿಯಲ್ಲಿ ನೀವು ಹೇಳಿದ ಜಾಗಗಳಲ್ಲಿ ಅರ್ಧ ದೊಡ್ಡ ವಿಷಯವೇ ಅಲ್ಲ. ಬಾಗಿಲು, ಬಾನೆಟ್, ಡಿಕ್ಕಿ, ಮುಂದಿನ ಫೆಂಡರ್ ಇವೆಲ್ಲ ಬೋಲ್ಟ್ ಬಿಚ್ಚಿ ಬದಲಿಸೋ ಭಾಗಗಳು. ಗುಜರಿಯಲ್ಲಿ ಒಳ್ಳೆ ಬಾಗಿಲು ಸಿಕ್ಕರೆ ಬಿಲ್ ಮಾಡಿಸಿ ತನ್ನಿ, ಯಾರ ಅಡ್ಡಿಯೂ ಇಲ್ಲ. ಬ್ಯಾಟರಿ ತಟ್ಟೆ ಆಸಿಡ್‌ನಿಂದ ಹೋಗಿರುತ್ತೆ, ಸಣ್ಣ ಕೆಲಸ. ನೋಡಬೇಕಾದದ್ದು ಬೇರೆ. ಎರಡೂ ರನ್ನಿಂಗ್ ಬೋರ್ಡ್‌ನ ಒಳಭಾಗ, ಜಾಕ್ ಇಡೋ ಜಾಗ, ಹಿಂದಿನ ಸಸ್ಪೆನ್ಷನ್ ನೆಲಕ್ಕೆ ಸೇರೋ ಜಾಗ. ಎಲ್ಲಕ್ಕಿಂತ ಮುಖ್ಯ ಬಾನೆಟ್ ಒಳಗೆ ಎರಡು ಪಕ್ಕ ಸ್ಟ್ರಟ್‌ನ (ಮುಂದಿನ ಚಕ್ರದ ಶಾಕ್ ಅಬ್ಸಾರ್ಬರ್ ಕಂಬ) ತಲೆ ಕೂರೋ ಗುಂಬಜ್. ಗುಂಬಜ್ ತುಕ್ಕಿನಿಂದ ಪದರ ಪದರವಾಗಿ ಎದ್ದಿದ್ರೆ ನಾನಾದರೆ ಆ ಗಾಡಿ ಮುಟ್ಟೋದಿಲ್ಲ. ಅದು ಗಟ್ಟಿ ಇದ್ದರೆ ಉಳಿದದ್ದೆಲ್ಲ ಆಗುವ ಕೆಲಸ.

ಮ್ಯಾಟ್ ತೆಗೆದು, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತೆ, ಹೋಗಿದ್ದು ದಬ್ ಅನ್ನುತ್ತೆ. ದಬ್ ಅಂದಲ್ಲಿ ತುದಿಯಿಂದ ಚುಚ್ಚಿ. ತೂತು ಬಿದ್ದರೆ ಬೀಳಲಿ, ಅದು ಹೇಗೂ ಕತ್ತರಿಸಬೇಕಾದ ಜಾಗ. ಆಮೇಲೆ ಬಾಗಿಲು ತೆಗೆದು ಹಾಕಿ ನೋಡಿ. ಬಾಗಿಲು ಎತ್ತಿ ಹಾಕಬೇಕಾಗುತ್ತಾ, ಸಂದು ಮೇಲೆ ಅಗಲ ಕೆಳಗೆ ಕಿರಿದಾಗಿದೆಯಾ? ಹಾಗಿದ್ದರೆ ಮೊದಲು ಹಿಂಜ್ ಅಲ್ಲಾಡ್ತಿದೆಯಾ ನೋಡಿ. ಹಿಂಜ್ ಸರಿ ಇದ್ದೂ ಹಾಗಾಗ್ತಿದ್ದರೆ ಬಾಡಿ ನಡು ಬಗ್ಗಿದೆ ಅಂತ ಲೆಕ್ಕ. ನೋಡಿ ಬಂದು ಇಲ್ಲೇ ಬರೀರಿ.

ಎಂಎಂ540 ವಿಜಯಪುರ

ಟಿಂಕರ್ ಅಣ್ಣಾರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ನನ್ನ ಮಹೀಂದ್ರ ಜೀಪಿನ ಬಾಡಿ ಪೂರ್ತಿ ಬದಲಿಸಿದ್ದೇನೆ, ಅದಕ್ಕೇ ಹೇಳ್ತಿರೋದು, ಅದು ಬೇರೆ ಇದು ಬೇರೆ. ಜೀಪಿಗೆ ಕೆಳಗೆ ಏಣಿಯಾಕಾರದ ಗಟ್ಟಿ ಲ್ಯಾಡರ್ ಫ್ರೇಮ್ ಇದೆ, ನಂಬರ್ ಇರೋದು ಆ ಫ್ರೇಮ್ ಮೇಲೆ. ಬೋಲ್ಟ್ ಬಿಚ್ಚಿ ಹಳೆ ಬಾಡಿ ಎತ್ತಿ ಪಕ್ಕಕ್ಕಿಟ್ಟು ಅದೇ ಅಳತೆಯ ಹೊಸದು ಇಳಿಸಿದ್ರೆ ಗಾಡಿಯ ಗುರುತು ಹಾಗೇ ಉಳಿಯುತ್ತೆ. ಜಿಪ್ಸಿಗೂ ಹಾಗೇ. ಆದರೂ ನಾನು ಕೆಲಸಕ್ಕೆ ಮೊದಲು ಆರ್‌ಟಿಓದಲ್ಲಿ ಕೇಳಿಕೊಂಡೇ ಶುರು ಮಾಡಿದ್ದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆಯಲ್ಲ, ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂಥ ಬದಲಾವಣೆ ಮಾಡಬಾರದು ಅಂತ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಹ ಅದನ್ನೇ ಎತ್ತಿಹಿಡಿದಿದೆ. ಆಮೇಲಿಂದ ಎಲ್ಲ ಕಡೆ ಬಿಗಿ ಜಾಸ್ತಿ. ನೀವು ಪೇಂಟ್ ಮಾಡಿಸುವಾಗ ಬಣ್ಣ ಬೇರೆ ಮಾಡಿಸಬೇಕು ಅಂತಿದ್ರೆ ಅದನ್ನೂ ಆರ್‌ಸಿಯಲ್ಲಿ ಬರೆಸಬೇಕು, ಮರೀಬೇಡಿ. ಇರೋ ಬಣ್ಣವನ್ನೇ ಹೊಡೆಸಿದ್ರೆ ಆ ಓಡಾಟ ಇಲ್ಲ.

ನಮ್ಮ ವಿಜಯಪುರದ ಒಣ ಹವೆಯಲ್ಲಿ ಬಣ್ಣ ಸುಟ್ಟು ಬೂದಿಯಾದ್ರೂ ತಗಡು ಉಳೀತದೆ. 800ರ ಬಾಗಿಲು, ಡಿಕ್ಕಿ ಬೇಕಾದರೆ ಕೊಲ್ಲಾಪುರ ಬಿಟ್ಟು ಈ ಕಡೆ ಹುಡುಕಿ.

ನವನಗರ 29

ನಾನು ಸ್ವಲ್ಪ ಬೇರೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಲೆಕ್ಕ ಹಾಕಿ ನೋಡಿ. ಟಿಂಕರಿಂಗ್ 45 ಸಾವಿರ ಅಂದ್ರೆ ಬಿಚ್ಚಿದ ಮೇಲೆ ಇನ್ನಷ್ಟು ಕಾಣುತ್ತೆ, ಯಾವ ಗಾಡಿಯೂ ಹೇಳಿದ ದುಡ್ಡಿಗೆ ಮುಗಿದಿಲ್ಲ. 20 ವರ್ಷ ದಾಟಿದ ಕಾರಿನ ರಿನ್ಯೂವಲ್ ಶುಲ್ಕ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿ ಆಗಿದೆ, ಮೊದಲು 5,000 ಇತ್ತು. ಅದರ ಮೇಲೆ ಗ್ರೀನ್ ಟ್ಯಾಕ್ಸ್, ಇನ್ಶೂರೆನ್ಸ್, ಫಿಟ್‌ನೆಸ್‌ಗೆ ಟೈರ್, ಲೈಟ್, ಬ್ರೇಕ್ ಕೆಲಸ. ಇಷ್ಟೆಲ್ಲ ಹಾಕಿದ ಮೇಲೂ ಐದು ವರ್ಷಕ್ಕೆ ಮತ್ತೆ ಇದೇ ಪಾಳಿ. ಅದೇ ದುಡ್ಡಿಗೆ ಇನ್ನಷ್ಟು ಸೇರಿಸಿ ನಮ್ಮದೇ ರಾಜ್ಯದ ನಂಬರಿನ, ತುಕ್ಕಿಲ್ಲದ 2012, 2013ರ 800 ಅಥವಾ ಆಲ್ಟೊ ಹುಡುಕಬಹುದು. 800 ತಯಾರಿ ನಿಂತದ್ದೇ 2014ರಲ್ಲಿ, ಕೊನೆಯ ವರ್ಷದ ಗಾಡಿಗಳು ಇನ್ನೂ ಸಿಗ್ತವೆ. ಮಹಾರಾಷ್ಟ್ರದ ನಂಬರ್ ತಂದರೆ ಎನ್‌ಓಸಿ (ಅಲ್ಲಿನ ಆರ್‌ಟಿಓದ ಒಪ್ಪಿಗೆ ಪತ್ರ), ಇಲ್ಲಿನ ಲೈಫ್ ಟ್ಯಾಕ್ಸ್ ಅಂತ ಮತ್ತೆ ಖರ್ಚು, ಅದು ಬೇಡ.

ಅಪ್ಪನ ಗಾಡಿ ಅನ್ನೋದು ನನಗೂ ಅರ್ಥ ಆಗುತ್ತೆ. ಆದರೆ ಮಕ್ಕಳನ್ನ ಹಿಂದೆ ಕೂರಿಸಿಕೊಂಡು ಹೈವೇಗೆ ಹೋಗೋ ಗಾಡಿಯ ರನ್ನಿಂಗ್ ಬೋರ್ಡ್ ಬೆರಳಿಗೆ ಉದುರುತ್ತೆ ಅಂದ್ರೆ ನನಗೆ ಹೆದರಿಕೆ ಆಗುತ್ತೆ. ಪಕ್ಕದಿಂದ ಯಾರಾದರೂ ಗುದ್ದಿದ್ರೆ ತಡೆಯೋದು ಅದೇ ತಾನೇ?

ಟಿಳಕವಾಡಿ 800

ಎಲ್ಲರಿಗೂ ಥ್ಯಾಂಕ್ಸ್. ಬಾಡಿ ಬದಲಿಸೋ ವಿಚಾರ ಬಿಟ್ಟೆ, ಗುಜರಿಯವರಿಗೆ ಫೋನ್ ಮಾಡಿ ಬೇಡ ಅಂದೆ.

ಭಾನುವಾರ ಸೀಟು, ಮ್ಯಾಟ್ ಎಲ್ಲ ಹೊರಗೆ ತೆಗೆದೆ. ಡ್ರೈವರ್ ಕಾಲಿನ ಹತ್ತಿರ ಮ್ಯಾಟ್ ಕೆಳಗಿನ ಫೆಲ್ಟ್ ಹಿಂಡಿದರೆ ನೀರು ಬಂತು, ಮಳೆ ನಿಂತು ಎಷ್ಟೋ ದಿನ ಆದಮೇಲೂ. ನೀರು ಎಲ್ಲಿಂದ ಅಂತ ಹುಡುಕಿದರೆ, ವೈಪರ್ ಕೆಳಗಿನ ಜಾಲರಿ ಒಳಗೆ ಮರದ ಎಲೆ ಕೊಳೆತು ಮಣ್ಣಾಗಿ, ನೀರು ಹೊರಗೆ ಹೋಗೋ ತೂತು ಪೂರ್ತಿ ಮುಚ್ಚಿಹೋಗಿದೆ. ಬಾಗಿಲುಗಳ ಕೆಳಗಿನ ತೂತುಗಳೂ ಹಾಗೇ. ಒಂದು ಬಾಗಿಲಿನದ್ದಂತೂ ಹಿಂದೆ ಯಾರೋ ಪೇಂಟ್ ಮಾಡುವಾಗ ಪುಟ್ಟಿ ಹಾಕಿ ಮುಚ್ಚಿದ್ದಾರೆ.

ಎಡಗಡೆ ರನ್ನಿಂಗ್ ಬೋರ್ಡ್ ಹಿಂದಿನ ಒಂದು ಗೇಣು ಪೂರ್ತಿ ಹೋಗಿದೆ, ಸ್ಕ್ರೂಡ್ರೈವರ್ ಸೀದಾ ಒಳಗೆ ಹೋಯ್ತು. ಹೊರಗಿನ ತಗಡಿನ ಹಿಂದೆ ಪುಟ್ಟಿ, ಅದರ ಹಿಂದೆ ಮಡಚಿ ತುರುಕಿದ ಪೇಪರ್! ಬಲಗಡೆ ಪೂರ್ತಿ ಟಣ್ ಅನ್ನುತ್ತೆ. ಎರಡೂ ಗುಂಬಜ್ ಗಟ್ಟಿ ಇವೆ, ಮೇಲೆ ಸ್ವಲ್ಪ ಕಂದು ಬಣ್ಣ ಬಂದಿದೆ ಅಷ್ಟೆ, ವೈರ್ ಬ್ರಷ್ ಹಾಕಿದರೆ ಹೊಳೆಯೋ ಕಬ್ಬಿಣ ಬಂತು. ಹಿಂದಿನ ಸಸ್ಪೆನ್ಷನ್ ಜಾಗ ಚೆನ್ನಾಗಿದೆ. ಬಾಗಿಲುಗಳು ಸರಿಯಾಗಿ ಕೂರ್ತವೆ.

ನವನಗರದವರೇ, ನಿಮ್ಮ ಲೆಕ್ಕ ಸರಿ ಇದೆ, ಅಲ್ಲಗಳೆಯೋದಿಲ್ಲ. ಆದರೂ ಈ ಗಾಡಿ ಉಳಿಸ್ಕೋಬೇಕು ಅಂತ ಇದ್ದೇನೆ. ಟಿಂಕರ್ ಅಣ್ಣಾ, ಕೆಲಸ ಮಾಡಿಸುವಾಗ ನಾನು ನಿಂತು ಏನೇನು ನೋಡಬೇಕು?

ಉದ್ಯಮಬಾಗ ಟಿಂಕರ್

ಗುಂಬಜ್ ಗಟ್ಟಿ, ಹಿಂದಿನ ಜಾಗ ಗಟ್ಟಿ, ಬಾಗಿಲು ಸರಿ. ಹಾಗಾದ್ರೆ ರಿಪೇರಿ ಮಾಡಿಸಿ ಸರ್, ಎರಡನೇ ಯೋಚನೆ ಬೇಡ. ನವನಗರದ ಸರ್ ಹೆದರಿದ್ದು ಪೇಪರ್ ತುಂಬಿದ ರನ್ನಿಂಗ್ ಬೋರ್ಡಿಗೆ. ಹೆದರಲೇಬೇಕು. ಹೊಸ ತಗಡು ಸರಿಯಾಗಿ ಹಾಕಿದರೆ ಆ ಮಾತಿಲ್ಲ.

ಟಿಂಕರ್‌ಗೆ ಮೊದಲೇ ಹೇಳಿ, ಗ್ಯಾಸ್ ವೆಲ್ಡಿಂಗ್ ಬೇಡ, ಸಿಓಟು ವೆಲ್ಡಿಂಗ್ (ತಂತಿ ಹಾಯಿಸಿ ಕರೆಂಟಿನಲ್ಲಿ ಮಾಡೋದು) ಬೇಕು ಅಂತ. ತೆಳು ತಗಡಿಗೆ ಗ್ಯಾಸ್ ಹಚ್ಚಿದರೆ ಕಾವು ದೂರದವರೆಗೆ ಹರಡಿ ತಗಡು ಸೊಟ್ಟ ಆಗುತ್ತೆ, ಆ ಸೊಟ್ಟ ಮುಚ್ಚೋಕೆ ಮತ್ತೆ ಕೇಜಿಗಟ್ಟಲೆ ಪುಟ್ಟಿ. ತಗಡು 20 ಗೇಜ್ ಸಿಆರ್ ಶೀಟ್ (ಸತು ಲೇಪ ಇಲ್ಲದ ಉಕ್ಕಿನ ತಗಡು) ಇರಲಿ. ಸತು ಲೇಪಿಸಿದ ಜಿಐ ಶೀಟ್ ತುಕ್ಕು ಹಿಡಿಯಲ್ಲ ಅಂತ ಕೆಲವರು ಅದನ್ನೇ ಹಾಕ್ತಾರೆ, ಆದರೆ ವೆಲ್ಡ್ ಮಾಡಿದ ಕಡೆ ಸತು ಸುಟ್ಟುಹೋಗುತ್ತೆ, ಹೊಗೆಯೂ ಕೆಟ್ಟದ್ದು.

ಹಳೆ ತಗಡಿನ ಮೇಲೆ ಹೊಸ ತುಂಡು ಹೊದಿಸೋಕೆ ಬಿಡಲೇಬೇಡಿ. ಒಳಗಿನ ತುಕ್ಕು ಅಲ್ಲೇ ಕೂತು ಎರಡು ಮಳೆಗಾಲದಲ್ಲಿ ಹೊಸದನ್ನೂ ತಿನ್ನುತ್ತೆ. ಹೊಳೆಯೋ ಕಬ್ಬಿಣ ಸಿಗೋತನಕ ಕತ್ತರಿಸಬೇಕು. ಒಳಗಿನ ಪಟ್ಟಿ ಹೋಗಿದ್ದರೆ ಮೊದಲು ಅದನ್ನ ಕಟ್ಟಿ ಆಮೇಲೆ ಹೊರಗಿನದ್ದು. ರನ್ನಿಂಗ್ ಬೋರ್ಡ್ ಕತ್ತರಿಸೋ ಮುಂಚೆ ಬಾಗಿಲಿನ ಚೌಕಟ್ಟಿಗೆ ಅಡ್ಡ ಒಂದು ಪೈಪ್ ಟ್ಯಾಕ್ (ತಾತ್ಕಾಲಿಕ ಚುಕ್ಕೆ ವೆಲ್ಡಿಂಗ್) ಹಾಕಿಸಿ, ಗಾಡಿ ಸಮ ನೆಲದ ಮೇಲೆ ಇರಲಿ. ಇಲ್ಲಾಂದ್ರೆ ಈಗ ಸರಿ ಕೂರ್ತಿರೋ ಬಾಗಿಲು ಕೆಲಸ ಆದಮೇಲೆ ಕೂರಲ್ಲ.

ಪ್ರೈಮರ್ ಹೊಡೆಯೋ ಮುಂಚೆ ನಿಮಗೆ ಫೋನ್ ಮಾಡೋಕೆ ಹೇಳಿ. ಬರೀ ಕಬ್ಬಿಣ ಮತ್ತು ವೆಲ್ಡಿಂಗ್ ಕಾಣೋ ಹೊತ್ತು ಅದೊಂದೇ, ಎಲ್ಲ ಕಡೆ ಫೋಟೊ ತಗೊಳ್ಳಿ. ಜೋಡಣೆಯ ಒಳಮೈಗೆ ಸತುವಿನ ಪ್ರೈಮರ್, ಮೇಲೆ ಎಪಾಕ್ಸಿ, ಸಂದಿಗೆ ಸೀಲರ್. ಪುಟ್ಟಿ ಕೊನೆಗೆ, ತೆಳ್ಳಗೆ, ಮಟ್ಟ ಮಾಡೋಕೆ ಮಾತ್ರ. ಅದು ನೀರು ಕುಡಿಯುತ್ತೆ, ಬರೀ ಕಬ್ಬಿಣದ ಮೇಲೆ ನೇರ ಹಚ್ಚೋದು ಬೇಡ. ಎಲ್ಲ ಮುಗಿದ ಮೇಲೆ ರನ್ನಿಂಗ್ ಬೋರ್ಡ್ ಒಳಗೆ ರಬ್ಬರ್ ಬಿರಡೆ ತೆಗೆದು ವ್ಯಾಕ್ಸ್ ಸ್ಪ್ರೇ ಮಾಡಿಸಿ. ಕೆಳಗಿನ ಕಪ್ಪು ಕೋಟಿಂಗ್ ಒದ್ದೆ ಗಾಡಿಗೆ ಹಚ್ಚಿದರೆ ನೀರನ್ನ ಒಳಗಿಟ್ಟು ಬೀಗ ಹಾಕಿದಂಗೆ. ಅದಕ್ಕೇ ಈ ಕೆಲಸ ಬೇಸಿಗೆಯಲ್ಲೇ ಆಗಬೇಕು, ಮೇ ಮುಗಿಯೋದ್ರೊಳಗೆ.

ವೈಪರ್ ಜಾಲರಿ, ಬಾಗಿಲಿನ ತೂತು ಸ್ವಚ್ಛ ಮಾಡಿದರೆ ಅರ್ಧ ರೋಗ ಅಲ್ಲೇ ಹೋಗುತ್ತೆ. ಪೇಂಟಿಂಗ್ ಆದಮೇಲೆ ಆ ತೂತು ಮತ್ತೆ ಮುಚ್ಚಿದಾರಾ ಅಂತ ತಂತಿ ಹಾಕಿ ನೋಡಿಯೇ ದುಡ್ಡು ಕೊಡಿ. ಇನ್ನೊಂದು, ವೆಲ್ಡಿಂಗ್ ದಿನ ಬ್ಯಾಟರಿ ಎರಡೂ ವೈರ್ ಬಿಚ್ಚಿಸಿ, ನಿಮ್ಮದು ಎಂಪಿಎಫ್‌ಐ, ಇಸಿಎಂ (ಎಂಜಿನ್ ನಡೆಸೋ ಕಂಪ್ಯೂಟರ್) ಸುಟ್ಟರೆ ಹುಡುಕೋದು ಕಷ್ಟ. ನೀವು ತೋರಿಸಿದ ಜಾಗ ಹಿಂದಿನ ಚಕ್ರದ ಹತ್ತಿರ, ಪೆಟ್ರೋಲ್ ಪೈಪು ಕೆಳಗೇ ಹಾಯ್ದು ಹೋಗುತ್ತೆ. ಟ್ಯಾಂಕ್ ಖಾಲಿ ಮಾಡಿ ಕೆಳಗಿಳಿಸಿ ದೂರ ಇಟ್ಟ ಮೇಲೆಯೇ ವೆಲ್ಡಿಂಗ್ ಟಾರ್ಚ್ ಹಚ್ಚಲಿ. ಒದ್ದೆ ಬಟ್ಟೆ ಮುಚ್ಚಿದ್ರೆ ಸಾಕು ಅನ್ನೋರ ಹತ್ತಿರ ಗಾಡಿ ಬಿಡಬೇಡಿ.