ಎಂಟು ವಾರ ನಿನ್ನ ಪಕ್ಕದಲ್ಲಿ ಯಾರಿರುತ್ತಾರೆ?

ಮಗಳೇ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಕೇಳಿದ್ದನ್ನೂ ಅದಕ್ಕೆ ಮನೆಯವರೆಲ್ಲ ಕೊಟ್ಟ ಉತ್ತರಗಳನ್ನೂ ಈಗ ಕೂತು ಓದಿದೆ. ದೊಡ್ಡ ಸಂಶೋಧನಾ ಸಂಸ್ಥೆಯ ಜೀವವಿಜ್ಞಾನದ ಲ್ಯಾಬಿನಿಂದ ಬೇಸಿಗೆ ರಜೆಗೆ ಎಂಟು ವಾರದ ಇಂಟರ್ನ್‌ಶಿಪ್ ಕರೆ ಬಂದಿದೆ, ಆದರೆ ಸ್ಟೈಪೆಂಡ್, ಅಂದರೆ ತಿಂಗಳ ಭತ್ಯೆ, ಇಲ್ಲ. ಇತ್ತ ನಿಮ್ಮ ಕಾಲೇಜಿನ ಮೇಡಂ ತಮ್ಮದೊಂದು ಸಣ್ಣ ಪ್ರಾಜೆಕ್ಟಿಗೆ ಬಾ ಎನ್ನುತ್ತಿದ್ದಾರೆ. ಶುಕ್ರವಾರದೊಳಗೆ ಇಬ್ಬರಿಗೂ ಉತ್ತರ ಹೇಳಬೇಕು. ಭಾವ ಹೆಸರಿರುವ ಕಡೆಗೇ ಹೋಗಲಿ ಎಂದಿದ್ದಾರೆ, ಅಕ್ಕನಿಗೆ ಖರ್ಚಿನ ಚಿಂತೆ, ಅಣ್ಣ ಇದೆಲ್ಲ ಬಿಟ್ಟು ಪರೀಕ್ಷೆಗೆ ಓದಲಿ ಎನ್ನುತ್ತಾನೆ. ನನ್ನ ಮಾತು ಸ್ವಲ್ಪ ಉದ್ದವಾಗುತ್ತದೆ. ಬಿಡುವು ಮಾಡಿಕೊಂಡು ಕೇಳು.

ಸಂಸ್ಥೆಯ ಹೆಸರಿಗಿಂತ ಮೊದಲು ನೀನು ತಿಳಿದುಕೊಳ್ಳಬೇಕಾದದ್ದು ಒಂದಿದೆ: ಆ ಎಂಟು ವಾರ ದಿನಾ ಬೆಳಗ್ಗೆ ನಿನ್ನ ಪಕ್ಕದಲ್ಲಿ ನಿಂತು ಕೆಲಸ ಕಲಿಸುವವರು ಯಾರು? ದೊಡ್ಡ ಲ್ಯಾಬಿನ ಮುಖ್ಯಸ್ಥರಿಗೆ ಸಮ್ಮೇಳನಗಳಿರುತ್ತವೆ, ಅನುದಾನದ ಅರ್ಜಿಗಳಿರುತ್ತವೆ. ನಿನ್ನ ದಿನ ಸಾಮಾನ್ಯವಾಗಿ ಒಬ್ಬ ಪಿಎಚ್‌ಡಿ ವಿದ್ಯಾರ್ಥಿಯ ಜೊತೆಯೋ ಪಿಎಚ್‌ಡಿ ಮುಗಿಸಿ ಅಲ್ಲಿ ಸಂಶೋಧನೆ ಮಾಡುತ್ತಿರುವ ಪೋಸ್ಟ್‌ಡಾಕ್ ಜೊತೆಯೋ ಕಳೆಯುತ್ತದೆ. ಅವರಿಗೆ ಕಲಿಸುವ ಮನಸ್ಸೂ ಸಮಯವೂ ಇದ್ದರೆ ಅದು ನಿನ್ನ ಭಾಗ್ಯ. ಅವರೇ ಪ್ರಬಂಧ ಒಪ್ಪಿಸುವ ತರಾತುರಿಯಲ್ಲಿದ್ದರೆ ನೀನು ಮೂಲೆಯಲ್ಲಿ ಕೂತು ಹಳೆಯ ಲೇಖನಗಳನ್ನು ಓದುತ್ತಾ ರಜೆ ಮುಗಿಸುತ್ತೀಯ.

ಪಕ್ಕದಲ್ಲಿ ಒಬ್ಬರು ಇರಬೇಕು ಎಂದು ನಾನು ಇಷ್ಟು ಒತ್ತಿ ಹೇಳುವುದೇಕೆ ಗೊತ್ತೇ? ಹನಿಯಷ್ಟು ದ್ರವವನ್ನೂ ಅಳೆದು ಹಾಕುವ ಪಿಪೆಟ್ಟನ್ನೇ ತೆಗೆದುಕೋ. ಅದರ ಗುಂಡಿ ಎರಡು ಹಂತದಲ್ಲಿ ಕೆಳಗಿಳಿಯುತ್ತದೆ. ದ್ರವವನ್ನು ಎಳೆದುಕೊಳ್ಳುವಾಗ ಮೊದಲ ಹಂತದವರೆಗೆ ಮಾತ್ರ ಒತ್ತಬೇಕು, ಹೊರಗೆ ಬಿಡುವಾಗ ಎರಡನೆಯ ಹಂತದವರೆಗೂ ಒತ್ತಬೇಕು. ಎಳೆದುಕೊಳ್ಳುವಾಗಲೇ ಪೂರ್ತಿ ಒತ್ತಿದರೆ ಬೇಕಾದದ್ದಕ್ಕಿಂತ ಹೆಚ್ಚು ಬರುತ್ತದೆ. ಹೊಸಬರ ಕಣ್ಣಿಗೆ ಆ ವ್ಯತ್ಯಾಸ ಕಾಣುವುದೇ ಇಲ್ಲ. ಒಳ್ಳೆಯ ಮಾರ್ಗದರ್ಶಿ ಮೊದಲು ನಿನ್ನ ಕೈಗೆ ಬರೀ ನೀರು ಕೊಡುತ್ತಾರೆ. ಸೂಕ್ಷ್ಮ ತಕ್ಕಡಿಯ ಮೇಲೆ 100 ಮೈಕ್ರೋಲೀಟರ್ ಹಾಕಿಸುತ್ತಾರೆ, ಅದು 100 ಮಿಲಿಗ್ರಾಂ ಆಸುಪಾಸು ತೂಗಬೇಕು. ಅದನ್ನೇ ಹತ್ತು ಸಲ ಮಾಡಿಸಿ ಹತ್ತೂ ಅಂಕಿಗಳನ್ನು ಬರೆಸುತ್ತಾರೆ. ನಿನ್ನ ಕೈ ಎಷ್ಟು ಏರುಪೇರಾಗುತ್ತದೆ ಎಂಬುದು ಆಗ ಹಾಳೆಯ ಮೇಲೆ ಬರುತ್ತದೆ. ಪಠ್ಯಪುಸ್ತಕದಲ್ಲಿ ನೀನು ಓದಿದ ದೋಷದ ಅಂದಾಜು ಎಂದರೆ ಇದೇ.

ಮುಂದೆ ಪಿಸಿಆರ್ ಮಾಡಿ, ಅಂದರೆ ಡಿಎನ್‌ಎಯ ಒಂದು ತುಣುಕಿನ ಲಕ್ಷಾಂತರ ಪ್ರತಿ ಮಾಡಿ, ಜೆಲ್ ಓಡಿಸುವ ದಿನ ಬರುತ್ತದೆ. ಜೆಲ್ಲಿನಲ್ಲಿ ವಿದ್ಯುತ್ ಹರಿಸಿದಾಗ ಡಿಎನ್‌ಎ ತುಣುಕುಗಳು ಉದ್ದಕ್ಕೆ ತಕ್ಕಂತೆ ಬೇರೆ ಬೇರೆ ಪಟ್ಟಿಗಳಾಗುತ್ತವೆ. ಅಳತೆಗೆಂದು ಹಾಕಿದ ಮಾರ್ಕರ್‌ನ, ಅಂದರೆ ಉದ್ದ ಮೊದಲೇ ಗೊತ್ತಿರುವ ತುಣುಕುಗಳ, ಪಟ್ಟಿಗಳು ಸ್ಪಷ್ಟವಾಗಿ ಕಾಣುತ್ತವೆ, ನಿನ್ನ ಮಾದರಿಯ ಸಾಲು ಮಾತ್ರ ಖಾಲಿ. ಅಂದರೆ ಜೆಲ್ ಸರಿಯಾಗಿಯೇ ಓಡಿದೆ, ಎಡವಟ್ಟಾಗಿರುವುದು ಅದಕ್ಕೂ ಹಿಂದೆ. ಇನ್ನೊಂದು ದಿನ ಡಿಎನ್‌ಎ ಬದಲು ಬರೀ ನೀರು ಹಾಕಿದ್ದ ಸಾಲಿನಲ್ಲೂ ಅದೇ ಅಳತೆಯ ಪಟ್ಟಿ ಮೂಡಿರುತ್ತದೆ. ಎಲ್ಲಿಂದಲೋ ಡಿಎನ್‌ಎ ಸೇರಿಕೊಂಡಿದೆ, ಆ ದಿನದ ಫಲಿತಾಂಶ ಯಾವುದನ್ನೂ ನಂಬುವಂತಿಲ್ಲ. ಹೀಗೆ ಒಂದೊಂದೇ ಸಾಧ್ಯತೆಯನ್ನು ತಳ್ಳಿಹಾಕುತ್ತಾ ಹೋಗುವುದೇ ಸಂಶೋಧನೆಯ ಬಹುಪಾಲು ದಿನಗಳ ಕೆಲಸ. ಅದು ನಿನಗೆ ಹಿಡಿಸುತ್ತದೆಯೋ ಇಲ್ಲವೋ ಎಂಬುದನ್ನು ಪಿಎಚ್‌ಡಿಗೆ ಸೇರುವ ಮೊದಲೇ ತಿಳಿದುಕೊಳ್ಳಲು ಎಂಟು ವಾರ ಸಾಕು. ಹಿಡಿಸದಿದ್ದರೆ ಅದೂ ಒಳ್ಳೆಯದೇ, ವರ್ಷಗಟ್ಟಲೆ ಒದ್ದಾಡುವುದು ತಪ್ಪುತ್ತದೆ.

ಭಾವ, ಹೆಸರಿನ ವಿಷಯಕ್ಕೆ ನಿಮಗೊಂದು ಮಾತು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ತಳಿವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ ಅವರು ಪ್ರಯೋಗಕ್ಕೆಂದು ಹಣ್ಣುನೊಣಗಳನ್ನು ಸಾಕುತ್ತಿದ್ದ ಕೋಣೆ 16 ಅಡಿಗೆ 23 ಅಡಿ, ಅಷ್ಟರಲ್ಲೇ ಎಂಟು ಮೇಜು. ಸೀಸೆ ತೊಳೆಯುವ ಕೆಲಸಕ್ಕೆ ಸೇರಿದ್ದ ಕ್ಯಾಲ್ವಿನ್ ಬ್ರಿಡ್ಜಸ್ ಎಂಬ ವಿದ್ಯಾರ್ಥಿ ಗಾಜಿನ ಹೊರಗಿನಿಂದಲೇ ಒಂದು ನೊಣದ ಕಣ್ಣಿನ ಬಣ್ಣ ಬೇರೆಯಾಗಿರುವುದನ್ನು ಕಂಡುಹಿಡಿದ. ಇನ್ನೊಬ್ಬ, ಆಲ್ಫ್ರೆಡ್ ಸ್ಟರ್ಟೆವಂಟ್, ಆಗಿನ್ನೂ ಪದವಿ ಓದುತ್ತಿದ್ದ. 1911ರಲ್ಲಿ ಮಾರ್ಗನ್ ಜೊತೆ ಮಾತಾಡುತ್ತಿದ್ದಾಗ ಅವನಿಗೊಂದು ಯೋಚನೆ ಹೊಳೆಯಿತು. ನೊಣಗಳ ಪ್ರಯೋಗದ ಅಂಕಿಅಂಶಗಳನ್ನು ಮನೆಗೆ ಒಯ್ದು, ಕಾಲೇಜಿನ ಮನೆಗೆಲಸ ಬದಿಗಿಟ್ಟು, ಒಂದೇ ರಾತ್ರಿಯಲ್ಲಿ ವರ್ಣತಂತುವಿನ (ಕ್ರೋಮೋಸೋಮ್) ಮೇಲೆ ಜೀನ್‌ಗಳು ಯಾವ ಕ್ರಮದಲ್ಲಿವೆ ಎಂಬ ಮೊದಲ ನಕ್ಷೆ ಬರೆದ. 1913ರಲ್ಲಿ ಅದು ಪ್ರಕಟವಾಯಿತು. ಎಲ್ಲ ಮಕ್ಕಳೂ ಹಾಗೆಯೇ ಮಾಡುತ್ತಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಹುಡುಗನಿಗೆ ಗುರು ಕೈಗೆಟುಕುವಷ್ಟು ಹತ್ತಿರದಲ್ಲಿದ್ದರು, ಅಂಕಿಅಂಶಗಳೂ ಕೈಗೆ ಸಿಕ್ಕವು. ನಮ್ಮ ಹುಡುಗಿಗೂ ಅವೆರಡು ಸಿಗಬೇಕು ಎಂಬುದು ನನ್ನ ಆಸೆ. ಮುಂದೆ ಶಿಫಾರಸು ಪತ್ರ ಬರೆಯುವಾಗಲೂ ಅಷ್ಟೇ. ಇವಳ ಕೆಲಸವನ್ನು ಕಣ್ಣಾರೆ ಕಂಡವರ ಪತ್ರದಲ್ಲಿ ಇವಳು ಕಾಣಿಸುತ್ತಾಳೆ. ಮುಖ ಪರಿಚಯವಷ್ಟೇ ಇರುವ ದೊಡ್ಡವರು ಎರಡು ಸಾಲು ಬರೆದು ಸಹಿ ಹಾಕುತ್ತಾರೆ.

ಅಂದ ಹಾಗೆ, ಗುಂಪಿನಲ್ಲಿ ಯಾರೋ ಇನ್ನೊಂದು ಜಾಹೀರಾತು ಹಂಚಿದ್ದಾರೆ, ದುಡ್ಡು ಕಟ್ಟಿದರೆ ಆನ್‌ಲೈನ್ ಸಂಶೋಧನಾ ಇಂಟರ್ನ್‌ಶಿಪ್, ತಿಂಗಳೊಳಗೆ ಲೇಖನದಲ್ಲಿ ಹೆಸರು ಖಾತ್ರಿ ಎಂದು. ಅದನ್ನು ದಯವಿಟ್ಟು ಮುಟ್ಟಬೇಡ. ಫಲಿತಾಂಶ ಬರುವ ಮೊದಲೇ ಲೇಖನದ ಭರವಸೆ ಕೊಡುವವರಿಗೆ ವಿಜ್ಞಾನದ ಗೊಡವೆ ಇಲ್ಲ.

ಅಕ್ಕ, ಖರ್ಚಿನ ಬಗ್ಗೆ ನೀನು ಕೇಳಿದ್ದು ನ್ಯಾಯವಾಗಿಯೇ ಇದೆ. ಸ್ಟೈಪೆಂಡ್ ಇಲ್ಲದಿದ್ದರೂ ವಸತಿ ಕೊಡುತ್ತಾರೆಯೇ ಎಂದು ಇವಳು ನೇರವಾಗಿ ಕೇಳಲಿ, ಅದರಲ್ಲಿ ಸಂಕೋಚವೇನೂ ಇಲ್ಲ. ಸಾಲ ಮಾಡಿ ಹೋಗುವಂತಿದ್ದರೆ ಬೇಡ. ಅಣ್ಣ, ಇವಳಿಗೆ ಬಾಕಿ ವಿಷಯಗಳೇನಾದರೂ ಉಳಿದಿದ್ದರೆ ನಿನ್ನ ಮಾತೇ ಸರಿ, ಮೊದಲು ಅದನ್ನು ಮುಗಿಸಲಿ.

ಮಗಳೇ, ಇವತ್ತೇ ಆ ಲ್ಯಾಬಿಗೆ ಒಂದು ಚಿಕ್ಕ ಇಮೇಲ್ ಬರೆ. ನನಗೆ ದಿನಾ ಮಾರ್ಗದರ್ಶನ ಮಾಡುವವರು ಯಾರು, ಆ ವಾರಗಳಲ್ಲಿ ಅವರು ಅಲ್ಲೇ ಇರುತ್ತಾರೆಯೇ, ನನ್ನ ಪಾಲಿನ ಕೆಲಸ ಎಂಟು ವಾರದಲ್ಲಿ ಮುಗಿಯುವಂಥದ್ದೇ, ಕಳೆದ ಬೇಸಿಗೆಯಲ್ಲಿ ಬಂದಿದ್ದವರು ಏನು ಮಾಡಿದರು ಎಂದು ಕೇಳು. ಆ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬರ ಜೊತೆ ಮಾತಾಡಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ವಿವರವಾದ ಉತ್ತರ ಬಂದರೆ ಧೈರ್ಯವಾಗಿ ಹೋಗು, ನಾನು ಭಾವನ ಪಕ್ಷ. ‘ಬಂದ ಮೇಲೆ ನೋಡೋಣ’ ಎಂಬ ಉತ್ತರ ಬಂದರೆ ಮೇಡಂ ಪ್ರಾಜೆಕ್ಟನ್ನೇ ಹಿಡಿದುಕೋ. ಅವರು ನಿನ್ನನ್ನು ಬಲ್ಲವರು, ಪ್ರಶ್ನೆಯೂ ಚಿಕ್ಕದು, ಕೊನೆ ಮುಟ್ಟಿಸಬಹುದು. ಯಾವುದನ್ನು ಒಪ್ಪಿದರೂ ಇನ್ನೊಬ್ಬರಿಗೆ ಕೃತಜ್ಞತೆ ಹೇಳಿ ಶುಕ್ರವಾರದ ಒಳಗೇ ತಿಳಿಸು, ಆ ಜಾಗಕ್ಕೆ ಬೇರೊಬ್ಬ ವಿದ್ಯಾರ್ಥಿ ಕಾಯುತ್ತಿರಬಹುದು. ಇಮೇಲ್ ಕಳಿಸುವ ಮೊದಲು ನನಗೊಮ್ಮೆ ತೋರಿಸು, ರಾತ್ರಿ ಎಷ್ಟು ಹೊತ್ತಾದರೂ ಓದಿ ಹೇಳುತ್ತೇನೆ.