ಕಾಫಿ ಖರೀದಿದಾರರ ಮೇಲ್ ಎಲ್ಲೂ ಕಾಣುತ್ತಿಲ್ಲ, ಸೀವ್ ರೂಲ್‌ನಲ್ಲಿ ಏನು ತಪ್ಪು?

ಪ್ರಶ್ನೆ, ಚಿಕ್ಕಮಗಳೂರು:
ನಮಸ್ಕಾರ. ಕಾಫಿ ವ್ಯಾಪಾರದ ಆಫೀಸು, ಡವ್‌ಕಾಟ್ ಮೇಲ್ ಸರ್ವರ್, ಸೀವ್ ರೂಲ್ (ಬಂದ ಮೇಲನ್ನು ಸರ್ವರ್‌ನಲ್ಲೇ ವಿಂಗಡಿಸೋ ನಿಯಮ) ಬರೆಯೋದು ರೌಂಡ್‌ಕ್ಯೂಬ್ ಅನ್ನೋ ವೆಬ್‌ಮೇಲ್‌ನಲ್ಲಿ. ತೋಟದಲ್ಲಿ ನೆಟ್‌ವರ್ಕ್ ಕಮ್ಮಿ, ಫೋನಿಗೆ ಜಂಕ್ ಇಳಿಯಲೇಬಾರದು ಅಂತ ಸರ್ವರ್‌ನಲ್ಲೇ ತಡೆ ಹಾಕಿದ್ದೇವೆ: ಸಬ್ಜೆಕ್ಟ್‌ನಲ್ಲಿ ಇಂಗ್ಲಿಷಿನ ಓ-ಎಫ್-ಎಫ್ ಇದ್ದರೆ (‘ಕಂಟೈನ್ಸ್’ ಷರತ್ತು) ಡಿಸ್ಕಾರ್ಡ್, ಅಂದರೆ ಸದ್ದಿಲ್ಲದೆ ಎಸೆದುಬಿಡೋದು. ಡಿಸ್ಕೌಂಟ್ ಜಾಹೀರಾತು ನಿಂತವು. ಆದರೆ 4 ದಿನದಿಂದ ಖರೀದಿದಾರರ ಮೇಲ್ ಇನ್‌ಬಾಕ್ಸ್‌ನಲ್ಲೂ ಇಲ್ಲ, ಜಂಕ್‌ನಲ್ಲೂ ಇಲ್ಲ. ಕಳಿಸಿದವರಿಗೆ ಬೌನ್ಸ್ ಕೂಡ ಹೋಗಿಲ್ಲ.

ಉತ್ತರ, ಹಾಸನ:
ಸರ್, ಕಾಫಿಯ ಇಂಗ್ಲಿಷ್ ಸ್ಪೆಲಿಂಗ್ ಬರೆದು ನೋಡಿ, ಆ ಮೂರು ಅಕ್ಷರ ಅದರ ನಡುವೆಯೇ ಇವೆ. ‘ಕಂಟೈನ್ಸ್’ ಪದ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ನೋಡುವುದಿಲ್ಲ. ಅಕ್ಷರಗಳು ಸಾಲಾಗಿ ಸಿಕ್ಕರೆ ಸಾಕು. ಆಫೀಸ್, ಆಫರ್ ಕೂಡ ಸಿಕ್ಕಿಬೀಳುತ್ತವೆ. ಡಿಸ್ಕಾರ್ಡ್ ಆಗುವ ಹೊತ್ತಿಗೆ ನಿಮ್ಮ ಸರ್ವರ್ ಮೇಲ್ ಸ್ವೀಕರಿಸಿ ಆಗಿರುತ್ತದೆ, ಅದಕ್ಕೇ ಬೌನ್ಸ್ ಇಲ್ಲ.

ಮೊದಲು ಆ ರೂಲ್ ನಿಲ್ಲಿಸಿ. ಹೋದ ಮೇಲ್ ವಾಪಸ್ ಬರುವುದಿಲ್ಲ, ಆದರೆ ಯಾರದು ಹೋಯಿತು ಅಂತ ತಿಳಿಯಬಹುದು. ಮೇಲ್ ಲಾಗ್‌ನಲ್ಲಿ ಡಿಸ್ಕಾರ್ಡ್ ಅಂತ ಹುಡುಕಿ. ಆ ಸಾಲಿನ ಮೆಸೇಜ್ ಐಡಿ ಹಿಡಿದರೆ ಪೋಸ್ಟ್‌ಫಿಕ್ಸ್ (ಮೇಲ್ ಸ್ವೀಕರಿಸುವ ಪ್ರೋಗ್ರಾಂ) ಸಾಲಿನಲ್ಲಿ ಕ್ಯೂ ಐಡಿ, ಅಂದರೆ ಆ ಮೇಲ್‌ಗೆ ಅದು ಕೊಟ್ಟ ಗುರುತು, ಸಿಗುತ್ತದೆ, ಕ್ಯೂ ಐಡಿಯಿಂದ ಕಳಿಸಿದವರ ವಿಳಾಸ. ಇವತ್ತೇ ಮಾಡಿ, ಹಳೆಯ ಲಾಗ್ ಸರ್ವರ್ ತಾನೇ ಅಳಿಸುತ್ತಾ ಹೋಗುತ್ತದೆ.

ಉತ್ತರ, ಸಕಲೇಶಪುರ:
ವ್ಯಾಪಾರದ ಮೇಲ್‌ಗೆ ಡಿಸ್ಕಾರ್ಡ್ ಬೇಡವೇ ಬೇಡ. ಫೈಲ್‌ಇನ್‌ಟು ಕೊಟ್ಟು ಜಂಕ್ ಫೋಲ್ಡರ್‌ಗೆ ಹಾಕಿ, ಫೋನಿನಲ್ಲಿ ಆ ಫೋಲ್ಡರ್‌ನ ಸಿಂಕ್ ನಿಲ್ಲಿಸಿ, ಡೇಟಾ ಖರ್ಚಾಗುವುದಿಲ್ಲ.

ರೂಲ್‌ಗಳ ಕ್ರಮ ಮುಖ್ಯ. ಎಲ್ಲಕ್ಕಿಂತ ಮೇಲೆ, ಖರೀದಿದಾರರ ಡೊಮೇನ್‌ಗಳಿಗೆ ಕೀಪ್ (ಇನ್‌ಬಾಕ್ಸ್‌ನಲ್ಲಿ ಇಡು), ಕೂಡಲೇ ಸ್ಟಾಪ್. ಸ್ಟಾಪ್ ಬಿಟ್ಟರೆ ಕೆಳಗಿನ ರೂಲ್‌ಗಳೂ ಓಡಿ, ಒಂದೇ ಮೇಲ್ ಇನ್‌ಬಾಕ್ಸ್‌ಗೂ ಜಂಕ್‌ಗೂ ಬೀಳಬಹುದು. ಈ ಪಟ್ಟಿಗೆ ನಿಮ್ಮದೇ ಡೊಮೇನ್ ಸೇರಿಸಬೇಡಿ. ಫ್ರಮ್ ವಿಳಾಸ ಯಾರು ಬೇಕಾದರೂ ನಕಲು ಮಾಡಬಹುದು, ನಿಮ್ಮ ಹೆಸರಲ್ಲೇ ನಿಮಗೆ ಸ್ಪ್ಯಾಮ್ ಬರುತ್ತದೆ. ಆಮೇಲೆ ಎಕ್ಸ್-ಸ್ಪ್ಯಾಮ್-ಫ್ಲ್ಯಾಗ್ ಹೆಡರ್ (ಮೇಲ್‌ನ ತಲೆಬರಹದ ಸಾಲು) ‘ಯೆಸ್’ ಇದ್ದರೆ ಜಂಕ್. ಸ್ಪ್ಯಾಮ್ ಗುರುತಿಸುವ ಪ್ರೋಗ್ರಾಂ ಸ್ಪ್ಯಾಮ್‌ಅಸ್ಯಾಸಿನ್ ಮೂಲ ಸೆಟ್ಟಿಂಗ್‌ನಲ್ಲಿ 5.0 ಅಂಕ ಮುಟ್ಟಿದರೆ ಹಾಗೆ ಗುರುತು ಹಾಕುತ್ತದೆ. ನಿಮ್ಮ ಡಿಸ್ಕೌಂಟ್ ರೂಲ್ ಕೊನೆಗೆ ಇರಲಿ, ಹುಡುಕುವ ಪದಕ್ಕಿಂತ ಮೊದಲು ಶೇಕಡಾ ಚಿಹ್ನೆ ಮತ್ತು ಒಂದು ಸ್ಪೇಸ್ ಸೇರಿಸಿ. ಆಗ ಕಾಫಿ ಬಚಾವು.

ಚಿಕ್ಕಮಗಳೂರು:
ಲಿಸ್ಟ್-ಅನ್‌ಸಬ್‌ಸ್ಕ್ರೈಬ್ ಹೆಡರ್ (ಪಟ್ಟಿಯಿಂದ ಹೊರಬರುವ ದಾರಿ ಹೇಳುವ ಸಾಲು) ಇರುವುದನ್ನೆಲ್ಲ ಜಂಕ್‌ಗೆ ತಳ್ಳಬಹುದಾ?

ಹಾಸನ:
ಜಂಕ್‌ಗೆ ಬೇಡ, ಬೇರೆ ಫೋಲ್ಡರ್ ಮಾಡಿ. ನಿಮಗೆ ಬೇಕಾದ ಸುದ್ದಿಪತ್ರ, ಸೂಚನೆಗಳಲ್ಲೂ ಆ ಹೆಡರ್ ಇರುತ್ತದೆ. ಹೊಸ ರೂಲ್ ಚಾಲೂ ಮಾಡುವ ಮುಂಚೆ ಸೀವ್-ಟೆಸ್ಟ್ ಕಮಾಂಡ್‌ಗೆ ಸ್ಕ್ರಿಪ್ಟನ್ನೂ ಖರೀದಿದಾರರ ಒಂದು ಹಳೆಯ ಮೇಲನ್ನೂ ಕೊಡಿ. ಮೇಲ್ ಎಲ್ಲಿಗೆ ಹೋಗುತ್ತಿತ್ತು ಅಂತ ಬರೆದು ತೋರಿಸುತ್ತದೆ, ಏನನ್ನೂ ಸರಿಸುವುದಿಲ್ಲ.