ಸ್ಪೇ ಆಪರೇಷನ್ ಆದ್ಮೇಲೆ ಮೊಲ ಸಿಕ್ಕಿದ್ದೆಲ್ಲಾ ಕಡೀತೈತಿ, ಏನ್ ಮಾಡ್ಲಿ?

ನಿಟ್ಟುವಳ್ಳಿ_ಚಿನ್ನಿ
ನಮಸ್ಕಾರ ಎಲ್ರಿಗೂ, ದಾವಣಗೆರೆಯಿಂದ. ನಮ್ಮ ಹೆಣ್ಣು ಮೊಲ ಚಿನ್ನಿಗೆ ಸ್ಪೇ, ಅಂದ್ರೆ ಮರಿ ಆಗದಂಗೆ ಆಪರೇಷನ್, ಮಾಡ್ಸಿದ್ವಿ. ಮಾಡ್ಸಿದ್ರೆ ಕಡಿಯೋದು ಕೆರೆಯೋದು ಎಲ್ಲಾ ನಿಲ್ತೈತಿ ಅಂದಿದ್ರು, ನಿಲ್ಲೋದಿರ್ಲಿ ಈಗ ಡಬಲ್ ಆಗೈತಿ. ಕೂಲರ್ ವೈರ್ ಹೋಯ್ತು, ಚಾಪೆ ಹೋಯ್ತು, ಬಾಗಿಲ ಚೌಕಟ್ಟು ಹೋಯ್ತು, ನಮ್ಮತ್ತೆ ಸೀರೆ ಸೆರಗೂ ಹೋಯ್ತು. ರಾತ್ರಿಯೆಲ್ಲಾ ಕೇಜ್ ಕಂಬಿ ಕಟಕಟ ಅಂತ ಕಡೀತಾಳೆ, ಯಾರಿಗೂ ನಿದ್ದಿಲ್ಲ. ಯಾರಿಗಾದ್ರೂ ಕೊಟ್ಬಿಡು ಅಂತಾರೆ ಮನೇಲಿ, ನನ್ ಕೈಲಿ ಆಗಲ್ಲ. ಬೇಗ ಹೇಳ್ರಿ ಪ್ಲೀಸ್.

ದುರ್ಗದ_ಮೊಲಗಾರ
ಹಲ್ಲು ಮೇಡಂ, ಹಲ್ಲು. ಮೊಲದ ಹಲ್ಲು ಸಾಯೋವರ್ಗೂ ಬೆಳೀತಾನೇ ಇರುತ್ತೆ, ಮುಂದಿನ ಹಲ್ಲು ವಾರಕ್ಕೆ 2 ಮಿ.ಮೀ. ಆದ್ರೂ ಬರುತ್ತೆ. ಸವೆಯಾಕೆ ಏನೂ ಇಲ್ಲ ಅಂದ್ರೆ ವೈರ್‌ಗೆ ಬಾಯಿ ಹಾಕುತ್ತೆ. ಪೇರಲ ಕಡ್ಡಿ ಕೊಡಿ, ರೇಷ್ಮೆ (ಹಿಪ್ಪುನೇರಳೆ) ಕಡ್ಡಿ ಕೊಡಿ. ಆಪರೇಷನ್ನಿಗೂ ಇದಕ್ಕೂ ಸಂಬಂಧ ಇಲ್ಲ.

ಹರಿಹರ_ಹುಲ್ಲು
ಆಪರೇಷನ್ ಆಗಿ ಎಷ್ಟು ದಿನ ಆಯ್ತಕ್ಕ? ಏನ್ ತಿನ್ನಿಸ್ತೀರಿ? ಹಿಕ್ಕೆ ಹಾಕ್ತಿದಾಳಾ? ಹೊಲಿಗೆ ಕಡೀತಾಳಾ ಇಲ್ಲ ಬರೀ ಸಾಮಾನು ಕಡೀತಾಳಾ? ಇವು ಗೊತ್ತಾಗ್ದೆ ಏನೂ ಹೇಳಾಕಾಗಲ್ಲ.

ನಿಟ್ಟುವಳ್ಳಿ_ಚಿನ್ನಿ
ಹೋದ ವಾರ ಆಗಿದ್ದು. ಹಿಕ್ಕೆ ಹಾಕ್ತಾಳೆ, ಸ್ವಲ್ಪ ಸಣ್ಣ ಸಣ್ಣವು. ಹೊಲಿಗೆ ಮುಟ್ಟಿಲ್ಲ. ತಿನ್ನಾಕೆ ಎಲ್ರೂ ಕೊಡೋದೇ, ಕ್ಯಾರೆಟ್, ಕೊತ್ತಂಬರಿ, ಮೆಕ್ಕೆಜೋಳ, ಸಂಜೆ ಮಂಡಕ್ಕಿ. ಮಂಡಕ್ಕಿ ಅಂದ್ರೆ ಪ್ರಾಣ ಅವಳಿಗೆ.

ದುರ್ಗದ_ಮೊಲಗಾರ
ನೋಡಿದ್ರಾ? ಹುಲ್ಲೇ ಇಲ್ಲ. ಹಲ್ಲು ಉದ್ದ ಆಗೈತೆ. ಬಾಯಿ ತೆಗೆದು ಫೋಟೋ ಹಾಕಿ. ಉದ್ದ ಇದ್ರೆ ನೇಲ್ ಕಟರಲ್ಲಿ ತುದಿ ತೆಗೀಬಹುದು, ನಮ್ಮಲ್ಲಿ ಮಾಡ್ತೀವಿ.

ಹರಿಹರ_ಹುಲ್ಲು
ದಯವಿಟ್ಟು ನೇಲ್ ಕಟರ್ ಹಚ್ಬೇಡ್ರಿ!! ಹಲ್ಲು ಬುಡದ ತನಕ ಸೀಳುತ್ತೆ, ಕೀವಾಗುತ್ತೆ. ಡಾಕ್ಟ್ರು ಬರ್ ಮಷೀನಲ್ಲಿ ಉಜ್ಜಿ ಕಮ್ಮಿ ಮಾಡ್ತಾರೆ, ಅದೇ ಸರಿ. ಕಡ್ಡಿಗಿಂತ ಹುಲ್ಲೇ ಹಲ್ಲು ಸವೆಸೋದು, ದವಡೆ ಹಲ್ಲು ಅಗಿದು ಅಗಿದೇ ಸವೀಬೇಕು. ಊಟದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಒಣಹುಲ್ಲು ಇರ್ಬೇಕು. ಮಂಡಕ್ಕಿ, ಮೆಕ್ಕೆಜೋಳ ಇವತ್ತೇ ನಿಲ್ಸಿ, ಬರೀ ಪಿಷ್ಟ ಅದು, ಕರುಳು ಕೆಡಿಸುತ್ತೆ. ಹಿಕ್ಕೆ ಸಣ್ಣ ಆಗಿರೋದೂ ನಾರು ಸಾಲ್ದೇ ಇರ್ಬಹುದು. ಅರ್ಧ ದಿನ ತಿನ್ನದೆ ಹಿಕ್ಕೆ ಹಾಕದೆ ಕೂತ್ರೆ ಕಾಯಬೇಡಿ, ಸೀದಾ ಡಾಕ್ಟ್ರ ಹತ್ರ ಓಡಿ.

ದುರ್ಗದ_ಮೊಲಗಾರ
ನಾನು ವರ್ಷಾನುಗಟ್ಟಲೆ ಮೊಲ ಸಾಕೀನಿ ಸ್ವಾಮಿ, ಒಂದಕ್ಕೂ ಕೀವಾಗಿಲ್ಲ.

ಜಗಳೂರು_ಜೋಳ
ಹುಲ್ಲು ಸಿಗ್ಲಿಲ್ಲ ಅಂದ್ರೆ ಹಸಿ ಜೋಳದ ಪೈರು ತಂದು ಹಾಕಿ, ನಮ್ಮೂರ ಹೊಲದಲ್ಲಿ ಬೇಕಾದಷ್ಟು ಐತಿ.

ಹರಿಹರ_ಹುಲ್ಲು
ಎಳೇ ಜೋಳ ತಿಂದು ದನ ಸಾಯೋದು ಗೊತ್ತಿಲ್ವಾ ಅಣ್ಣ? ಮಳೆ ಕೈಕೊಟ್ಟು ಬಾಡಿದ ಪೈರಂತೂ ಪೂರ್ತಿ ವಿಷ, ಮೊಲಕ್ಕೆ ಯಾಕೆ ಆ ರಿಸ್ಕು. ಗರಿಕೆ ಕೊಡ್ರಿ, ಚೆನ್ನಾಗಿ ಒಣಗಿದ ರಾಗಿ ಹುಲ್ಲು ಕೊಡ್ರಿ, ಬೂಸ್ಟು ಹಿಡಿದಿರಬಾರ್ದು ಅಷ್ಟೇ.

ಎಂಸಿಸಿ_ಬನ್ನಿ
ನಾವು ಟಿಮೋತಿ ಹೇ ಅನ್ನೋ ಒಣಹುಲ್ಲು ಬಿಟ್ರೆ ಬೇರೆ ಕೊಡಲ್ಲ, ಆನ್‌ಲೈನ್ ತರಿಸ್ತೀವಿ. ಮೊಲಕ್ಕೆ ಅಂತಾನೇ ಒಂದು ರೂಮು ಕೊಟ್ಟೀವಿ, ಏಪ್ರಿಲ್ ಮೇ ಎರಡೂ ತಿಂಗಳು ಎಸಿ. ಮೂರು ಅಂತಸ್ತಿನ ಪ್ಲೈವುಡ್ ಮನೆ ಕಾರ್ಪೆಂಟರ್ ಕರೆಸಿ ಮಾಡ್ಸಿದ್ದು, ಫೋಟೋ ಹಾಕ್ತೀನಿ. ಒಂದೂ ವೈರ್ ಕಡಿದಿಲ್ಲ.

ಜಗಳೂರು_ಜೋಳ
ಎಲ್ರಿಗೂ ಎಸಿ ಹಾಕ್ಸಾಕಾಗ್ತೈತಾ? ನಾವು ಗೋಣಿಚೀಲ ನೆನೆಸಿ ಕೇಜ್ ಸುತ್ತ ಕಟ್ತೀವಿ, ಜೊತೆಗೆ ನೀರಿನ ಬಾಟ್ಲಿ ಐಸ್ ಮಾಡಿ ಒಳಗೆ ಇಡ್ತೀವಿ, ಆರಾಮಾಗಿ ಒರಗಿ ಮಲಗ್ತಾವೆ.

ನಿಟ್ಟುವಳ್ಳಿ_ಚಿನ್ನಿ
ಅಣ್ಣಂದಿರಾ ನನ್ ವಿಷಯ ಹೇಳ್ರಪ್ಪ. ನಿನ್ನೆಯಿಂದ ಇನ್ನೊಂದು ಶುರು ಆಗೈತಿ, ಚಾಪೆ ಚೂರು ಬಾಯಲ್ಲಿ ಕಚ್ಕೊಂಡು ಮೂಲೇಗೆ ಒಯ್ದು ಗುಡ್ಡೆ ಹಾಕ್ತಾಳೆ, ಎದೆ ಕೂದಲು ತಾನೇ ಕಿತ್ಕೊಂತಾಳೆ. ನೋಡಾಕಾಗಲ್ಲ. ನೋವಿಗೆ ಹಿಂಗೆ ಮಾಡ್ತಾಳಾ?

ಹರಿಹರ_ಹುಲ್ಲು
ಅಕ್ಕ ಇದನ್ನ ಮೊದ್ಲೇ ಹೇಳ್ಬೇಕಿತ್ತು. ಅದು ಗೂಡು ಕಟ್ತಿರೋದು. ಮನೇಲಿ ಇನ್ನೊಂದು ಮೊಲ ಐತಾ?

ನಿಟ್ಟುವಳ್ಳಿ_ಚಿನ್ನಿ
ಐತಿ, ರಾಣಿ ಅಂತ, ಅದೂ ಹೆಣ್ಣೇ. ಆಪರೇಷನ್ನಿಗೆ ಮುಂಚೆ ಒಂದರ ಮೇಲೊಂದು ಹತ್ತೋವು. ಎರಡೂ ಹೆಣ್ಣಲ್ವಾ, ಏನಾಗ್ತೈತಿ ಅಂತ ಬಿಟ್ಟಿದ್ವಿ.

ಹರಿಹರ_ಹುಲ್ಲು
ಅಲ್ಲೇ ಐತೆ ನೋಡ್ರಿ. ಮೊಲಕ್ಕೆ ನಾಯಿ ತರ ಇಂತಿಷ್ಟು ದಿನಕ್ಕೆ ಅಂತ ಅಂಡಾಶಯದಿಂದ ಅಂಡಾಣು ಬಿಡಲ್ಲ, ಹತ್ತಿದಾಗ್ಲೇ ಬಿಡುತ್ತೆ, ಹತ್ತಿದ್ದು ಇನ್ನೊಂದು ಹೆಣ್ಣಾದ್ರೂ ಸಾಕು. ಆಮೇಲೆ ಎರಡು ಎರಡೂವರೆ ವಾರ ಸುಳ್ಳು ಬಸಿರು. ಅದರ ನಡುವೆ ಅಂಡಾಶಯ ತೆಗೆದ್ರೆ ಬಸಿರಿನ ಹಾರ್ಮೋನ್ ಒಂದೇ ಸಲ ಇಳಿಯುತ್ತೆ, ಮೈಗೆ ಹೆರಿಗೆ ಹತ್ರ ಬಂತು ಅನ್ಸುತ್ತೆ, ಅದಕ್ಕೇ ಕೂದಲು ಕೀಳೋದು ಗುಡ್ಡೆ ಹಾಕೋದು. ತಾನಾಗೇ ನಿಲ್ಲುತ್ತೆ. ಗುಡ್ಡೆ ತೆಗೀಬೇಡಿ, ಚಾಪೆ ಬದ್ಲು ಹುಲ್ಲು ಕೊಡಿ. ಉಳಿದ ಹಾರ್ಮೋನ್ ಇಳಿಯಾಕೆ 4ರಿಂದ 8 ವಾರ ಬೇಕು, ಹೋದ ವಾರದ ಆಪರೇಷನ್ನಿಗೆ ಈಗ್ಲೇ ಫಲ ಕೇಳಿದ್ರೆ ಹೆಂಗೆ. ನೋವು ಬೇರೆ ತರ ಇರುತ್ತೆ, ಮುದುರಿ ಕೂರುತ್ತೆ, ಹಲ್ಲು ಜೋರಾಗಿ ಕಡಿಯುತ್ತೆ, ತಿನ್ನಲ್ಲ. ಹಂಗಿದ್ರೆ ಡಾಕ್ಟ್ರಿಗೆ ನೋವಿನ ಔಷಧಿ ಕೇಳಿ. ವೈರ್‌ಗೆಲ್ಲಾ ಎಲೆಕ್ಟ್ರಿಕ್ ಅಂಗಡೀಲಿ ಸಿಗೋ ಫ್ಲೆಕ್ಸಿಬಲ್ ಪೈಪ್ ಹಾಕಿ, ಕೂಲರ್ ಸ್ವಿಚ್ ಆಫ್ ಇದ್ರೂ ಪ್ಲಗ್ ಕೀಳ್ರಿ. ಗಾಯ ಮಾಗೋ ತನಕ ರಾಣಿ ಬೇರೆ ಇರ್ಲಿ, ಆದ್ರೆ ಜಾಲರಿ ಆಚೆ ಕಾಣಂಗೆ.

ದುರ್ಗದ_ಮೊಲಗಾರ
ಸುಳ್ಳು ಬಸಿರು ಒಪ್ತೀನಿ. ಕಂಬಿ ಕಡಿಯೋದಕ್ಕೆ ಹಲ್ಲೇ ಕಾರಣ.

ಹರಿಹರ_ಹುಲ್ಲು
ಎಷ್ಟು ಅಗಲದ ಕೇಜು ಅಂತ ಕೇಳಿ ಮೊದ್ಲು. ಹೊರಗೆ ಬಿಡ್ಲಿ ಅಂತ ಕಡೀತಿರ್ಬಹುದು.

ನಿಟ್ಟುವಳ್ಳಿ_ಚಿನ್ನಿ
ಗರಿಕೆ ತಂದು ಹಾಕಿದ್ವಿ. ಚಾಪೆ ಬಿಟ್ಟು ಗರಿಕೆ ಕಚ್ಕೊಂಡು ಹೋಗ್ತಿದಾಳೆ ಮೂಲೆಗೆ, ಅರ್ಧ ತಿಂತಾಳೆ ಅರ್ಧ ಗುಡ್ಡೆ. ಹಿಕ್ಕೆ ಇವತ್ತು ದಪ್ಪ ಬಂದಾವೆ, ಖುಷಿ ಆಯ್ತು. ಕಂಬಿ ಕಡಿಯೋದು ನಿಂತಿಲ್ಲ. ಕೇಜು ಸಣ್ಣದೇ, ಕೋಳಿದು. ಹಲ್ಲು ಡಾಕ್ಟ್ರಿಗೇ ತೋರಿಸ್ತೀನಿ, ಹೊಲಿಗೆ ನೋಡಾಕೆ ಹೆಂಗೂ ಹೋಗ್ಬೇಕು.

ಎಂಸಿಸಿ_ಬನ್ನಿ
ಕೋಳಿ ಕೇಜ್ ಬೇಡ್ವೇ ಬೇಡ, ತಂತಿ ತಳಕ್ಕೆ ಪಾದ ಹುಣ್ಣಾಗುತ್ತೆ. ನಮ್ಮ ಕಾರ್ಪೆಂಟರ್ ನಂಬರ್ ಬೇಕಿದ್ರೆ ಮೆಸೇಜ್ ಮಾಡಿ.

ಜಗಳೂರು_ಜೋಳ
ನಮ್ಮ ಗಂಡು ಮೊಲಾನೂ ಗೋಣಿಚೀಲ ಕಡೀತೈತಿ, ಅದಕ್ಕೂ ಆಪರೇಷನ್ ಮಾಡಿಸ್ಬೇಕಾ? ಎಷ್ಟು ವಯಸ್ಸಿಗೆ?